ಮ್ಯಾಚ್ ನೋಡುವವರ ಪಕ್ಕ ಕೂತು ಹೆಣೆ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು. "ಅವರು ಮ್ಯಾಚ್ ಹಾಕಿಕೊಂಡು ಕೂತರೆ ನಾನು ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡು ಹೆಣೆಯುತ್ತೇನೆ" ಎಂದು ಬರೆದಿದ್ದೀಯಲ್ಲ, ಆ ಬಾಗಿಲು ಮುಚ್ಚುವ ಮಾತು ನನ್ನನ್ನು ಬಿಟ್ಟೇ ಇಲ್ಲ. ಕಡ್ಡಿ, ಉಲ್ಲನ್ ಎತ್ತಿಕೊಂಡು ಈಚೆ ಬಾರಮ್ಮ. ಅಳಿಯಂದಿರ ಪಕ್ಕದಲ್ಲೇ ಕೂತು ಹೆಣೆ.

ಅಲ್ಲಿ ಕೂತರೆ ಲೆಕ್ಕ ತಪ್ಪುತ್ತದೆ ಅನ್ನುತ್ತೀಯ. ನೀನು ಹಿಡಿದಿರುವ ಕೆಲಸ ಹಾಗಿದೆ. ಜಡೆಯಂತೆ ತಿರುಚುವ ಕೇಬಲ್, ಜಾಲರಿಯಂಥ ಲೇಸ್, ಇವಕ್ಕೆಲ್ಲ ಸಾಲುಸಾಲಿಗೂ ಕಣ್ಣು ಬೇಕು. ಅವನ್ನು ಒಬ್ಬಳೇ ಇರುವ ಹೊತ್ತಿಗೆ ಇಟ್ಟುಕೋ. ಇಬ್ಬರೂ ಕೂತಾಗ ಹೋಗುತ್ತಲೂ ನಿಟ್, ಅಂದರೆ ಸಾದಾ ಕುಣಿಕೆ, ಬರುತ್ತಲೂ ನಿಟ್ ಇರುವ ಮಫ್ಲರ್ ಹಿಡಿ. ಅದರ ಅಂಚು ಸುರುಳಿ ಸುತ್ತುವುದಿಲ್ಲ, ಎರಡೂ ಮಗ್ಗುಲು ಒಂದೇ ಥರ ಕಾಣುತ್ತದೆ. ಎರಡು ಮಫ್ಲರ್ ಮುಗಿಯುವಷ್ಟರಲ್ಲಿ ಬೆರಳ ತುದಿಯೇ ಕುಣಿಕೆಯನ್ನು ಮುಟ್ಟಿ ಗುರುತಿಸುತ್ತದೆ, ಕಣ್ಣು ಟಿವಿಯ ಮೇಲಿದ್ದರೂ ಪರವಾಗಿಲ್ಲ. ಆಮೇಲೆ ಟೋಪಿಗೆ ಹೋಗು. ಎರಡು ತುದಿಗಳ ನಡುವೆ ಬಳುಕುವ ತಂತಿಯಿರುವ ಸರ್ಕ್ಯುಲರ್ ಕಡ್ಡಿಯಲ್ಲಿ ಸುತ್ತ ಹೆಣೆದರೆ ಪರ್ಲ್, ಅಂದರೆ ಉಲ್ಟಾ ಕುಣಿಕೆ, ಹಾಕುವ ಗೊಡವೆಯೇ ಇಲ್ಲ. ಹೆಣಿಗೆಯ ಭಾರ ಮಡಿಲಿಗೆ ಇಳಿಯುವುದರಿಂದ ಮಣಿಕಟ್ಟು ಅಷ್ಟಾಗಿ ನೋಯುವುದಿಲ್ಲ, ಉದ್ದ ಕಡ್ಡಿಯ ತುದಿ ಪಕ್ಕದವರ ಮೊಣಕೈಗೆ ಚುಚ್ಚುವುದೂ ಇಲ್ಲ.

ಆಟಕ್ಕೆ ತಕ್ಕ ಕೆಲಸ ಇರಲಿ. ಟೆಸ್ಟ್ ಪಂದ್ಯ ಅಂದರೆ 5 ದಿನ, ದಿನಕ್ಕೆ 90 ಓವರ್, ನಡುವೆ ಊಟಕ್ಕೆ 40 ನಿಮಿಷ, ಚಹಾಕ್ಕೆ 20 ನಿಮಿಷ. ಸ್ವೆಟರ್ ಹೆಣೆಯಲು ಇದಕ್ಕಿಂತ ಒಳ್ಳೆಯ ಆಟ ನಾನಂತೂ ಕಂಡಿಲ್ಲ. ತೋಳಿಗೆ ಕುಣಿಕೆ ಕಡಿಮೆ ಮಾಡುವುದು, ಕತ್ತಿನ ಸುತ್ತ ಹೊಸ ಕುಣಿಕೆ ಎತ್ತಿಕೊಳ್ಳುವುದು ಮುಂತಾದ ಎಣಿಕೆಯ ಕೆಲಸವನ್ನು ಆ ವಿರಾಮಕ್ಕೆ ಉಳಿಸು. ಫುಟ್‌ಬಾಲ್‌ನಲ್ಲಿ 45 ನಿಮಿಷ ಉಸಿರಾಡಲೂ ಬಿಡುವಿಲ್ಲ. ಅಲ್ಲಿ ಬರೀ ನಿಟ್ ಸಾಲು, ಎಣಿಕೆಯೇನಿದ್ದರೂ ಮಧ್ಯದ 15 ನಿಮಿಷದಲ್ಲಿ. ಹತ್ತಿಪ್ಪತ್ತು ಸಾಲಿಗೊಮ್ಮೆ ಬೇರೆ ಬಣ್ಣದ ತೆಳು ದಾರವನ್ನು ಸೂಜಿಗೆ ಪೋಣಿಸಿ ಎಲ್ಲ ಕುಣಿಕೆಗಳೊಳಗೂ ತೂರಿಸಿಡು. ತಪ್ಪಾದರೆ ಆ ದಾರದವರೆಗೆ ಬಿಚ್ಚಿದರೆ ಸಾಕು.

ಇನ್ನೊಂದು ವಿಷಯ. ಆಟದ ಬಿಗಿ ಕೈಗೂ ಬರುತ್ತದೆ. ನಿಮ್ಮಪ್ಪನಿಗೆ ನಾನು ಕೊಟ್ಟ ಬೂದು ಬಣ್ಣದ ಮಫ್ಲರನ್ನು ಒಮ್ಮೆ ಹರವಿ ನೋಡು. ಒಂದು ತುದಿಯಿಂದ ಗೇಣುದ್ದ ಬಿಟ್ಟರೆ ಅಲ್ಲಿ ಆರೇಳು ಸಾಲು ಸೊಂಟ ಹಿಡಿದ ಹಾಗೆ ಒಳಕ್ಕೆ ಸರಿದಿದೆ. ಅದು 2019ರ ಜುಲೈ 14, ಲಾರ್ಡ್ಸ್‌ನಲ್ಲಿ ವಿಶ್ವಕಪ್ ಫೈನಲ್. ಇಂಗ್ಲೆಂಡ್, ನ್ಯೂಜಿಲೆಂಡ್ ಎರಡೂ 241, ಸೂಪರ್ ಓವರಿನಲ್ಲೂ 15ಕ್ಕೆ 15. ಮಾರನೆಯ ದಿನ ಬಿಚ್ಚಲು ಕೂತೆ. ನಿಮ್ಮ ದೊಡ್ಡಪ್ಪ ಆ ಸಾಲುಗಳ ಮೇಲೆ ಬೆರಳಾಡಿಸಿ, "ಇದು ಸೂಪರ್ ಓವರ್ ಕಣೇ, ಬಿಚ್ಚಬೇಡ" ಅಂದರು. ನಾನು ಬಿಚ್ಚಲಿಲ್ಲ.

ಆವತ್ತಿನಿಂದ ಎರಡು ಅಭ್ಯಾಸ ಮಾಡಿಕೊಂಡೆ. ಅಳತೆಗೆಂದು ಮೊದಲು ಹೆಣೆಯುವ 10 ಸೆಂಟಿಮೀಟರ್ ಚೌಕವನ್ನೂ ಮ್ಯಾಚ್ ನೋಡುತ್ತಲೇ ಹೆಣೆಯುತ್ತೇನೆ. ಮೌನದಲ್ಲಿ ಹೆಣೆದ ಚೌಕದ ಲೆಕ್ಕ ಹಿಡಿದು ಹೊರಟರೆ ಸ್ವೆಟರ್ ಮೈಗೆ ಬಿಗಿಯಾಗುತ್ತದೆ. ಇನ್ನೊಂದು, ಕೊನೆಯ ಎರಡು ಓವರ್ ಬಂತೆಂದರೆ ಕಡ್ಡಿ ಬುಟ್ಟಿಗೆ ಹಾಕಿಬಿಡುತ್ತೇನೆ. ಆ ಹೊತ್ತಿಗೆ ದೊಡ್ಡಪ್ಪ ನನ್ನ ಕೈ ಹಿಡಿದುಕೊಳ್ಳುತ್ತಾರೆ. ಕೈ ಖಾಲಿ ಇರಬೇಕು.

ಉಡುಗೊರೆಗೆಂದು ಹೆಣೆಯುವಾಗ ಅದನ್ನು ತೊಡುವವರು ಬಟ್ಟೆ ಹೇಗೆ ಒಗೆಯುತ್ತಾರೆಂದು ಮೊದಲೇ ಕೇಳಿಕೋ. ಉಣ್ಣೆಯ ಎಳೆಯ ಮೇಲೆ ಸಣ್ಣ ಸಣ್ಣ ಹುರುಪೆಗಳಿರುತ್ತವೆ. ಬಿಸಿನೀರಲ್ಲಿ ತಿಕ್ಕಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ಗಟ್ಟಿಯಾಗುತ್ತದೆ. ಮೆಷಿನ್ನಿಗೆ ಹಾಕುವವರಾದರೆ ಹಾಗೆ ಕುಗ್ಗದಂತೆ ಹದಮಾಡಿದ ಸೂಪರ್‌ವಾಶ್ ಉಣ್ಣೆಯೋ ಅಕ್ರಿಲಿಕ್ಕೋ ತೆಗೆದುಕೋ. ಕೂಸಿನ ಟೋಪಿಗೆ ಕಟ್ಟುವ ದಾರ, ಗುಂಡಿ ಬೇಡವೇ ಬೇಡ. ಉಂಡೆಗಳ ಮೇಲಿನ ಬಣ್ಣದ ಲಾಟ್ ನಂಬರ್ ಒಂದೇ ಇದೆಯೇ ನೋಡು, ಇಲ್ಲದಿದ್ದರೆ ಬಣ್ಣದಲ್ಲಿ ತುಸು ವ್ಯತ್ಯಾಸ ಕಂಡೀತು.

ಅಳಿಯಂದಿರಿಗೂ ಇದರಲ್ಲಿ ಪಾಲು ಕೊಡು. ನಮ್ಮಲ್ಲಿ ಸಾಲು ಮುಗಿದಾಗ ಸಾಲೆಣಿಸುವ ಕೌಂಟರ್ ಒತ್ತುವುದು ನಿಮ್ಮ ದೊಡ್ಡಪ್ಪನ ಕೆಲಸ. ನೀನೂ ಆಟ ಕಲಿ, ಆ ಫೀಲ್ಡರನ್ನು ಅಲ್ಲೇಕೆ ನಿಲ್ಲಿಸಿದರೆಂದು ಕೇಳು. ಗಂಡಸರು ಇದಕ್ಕೆಲ್ಲ ಕೈ ಹಾಕುತ್ತಾರೆಯೇ ಎಂದು ಅವರು ಸಂಕೋಚಪಟ್ಟರೆ ಟಾಮ್ ಡೇಲಿಯ ಕಥೆ ಹೇಳು. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಡೈವಿಂಗ್ ಚಿನ್ನ ಗೆದ್ದವನು ಪ್ರೇಕ್ಷಕರ ನಡುವೆ ಕೂತು, ಬೇರೆಯವರ ಡೈವಿಂಗ್ ನೋಡುತ್ತಾ ಹೆಣೆಯುತ್ತಿದ್ದ. ಪದಕಕ್ಕೆ ಗೀರು ಬೀಳದಿರಲೆಂದು ಅದಕ್ಕೊಂದು ಚೀಲವನ್ನೂ ಹೆಣೆದುಕೊಂಡಿದ್ದ.

ಇದರ ಜೊತೆ 4 ಮಿಲಿಮೀಟರಿನ ಒಂದು ಸರ್ಕ್ಯುಲರ್ ಕಡ್ಡಿ, ಎರಡು ಲಡಿ ನೀಲಿ ಉಲ್ಲನ್ ಕಳಿಸಿದ್ದೇನೆ. ಬೇಕೆಂದೇ ಉಂಡೆ ಸುತ್ತಿಲ್ಲ. ಲಡಿಯನ್ನು ಅಳಿಯಂದಿರ ಎರಡೂ ಕೈಗೆ ಹಾಕಿ, ಎದುರಿಗೆ ಕೂತು ನೀನು ಸುತ್ತು. ಟಾಸ್ ಆಗುವುದರೊಳಗೆ ಮುಗಿಸಿ.

ನಿನ್ನ ದೊಡ್ಡಮ್ಮ