ಪರದೆ ಕೆಟ್ಟರೆ ಗ್ರಾಫಿಕ್ಸ್ ಕಾರ್ಡನ್ನೇ ದೂರಬೇಡಿ

ಮಾನ್ಯ ಸಂಪಾದಕರೇ,

ಡೆಸ್ಕ್‌ಟಾಪ್ ಪರದೆಯಲ್ಲಿ ಗೆರೆ, ಬಣ್ಣದ ಚೌಕ ಕಂಡ ಕೂಡಲೇ ಹೊಸ ಗ್ರಾಫಿಕ್ಸ್ ಕಾರ್ಡ್ (ಪರದೆಗೆ ಚಿತ್ರ ರೂಪಿಸಿ ಕಳಿಸುವ ಭಾಗ) ಕೊಳ್ಳುವವರೇ ಹೆಚ್ಚು. ದಯವಿಟ್ಟು ಮೊದಲು ಒಂದು ಸ್ಕ್ರೀನ್‌ಶಾಟ್ ತೆಗೆದು ಬೇರೆ ಸಾಧನದಲ್ಲಿ ನೋಡಿ. ಚಿತ್ರ ಸ್ವಚ್ಛವಾಗಿದ್ದರೆ ಮಾನಿಟರ್ ಇಲ್ಲವೇ ಕೇಬಲ್ ಮೇಲೆ ಅನುಮಾನಪಡಬೇಕು. ಯಂತ್ರ ಆನ್ ಆದೊಡನೆ, ವಿಂಡೋಸ್‌ಗೂ ಮೊದಲು ಬರುವ ಬಯೋಸ್ ಪರದೆಯಲ್ಲೇ ಗೆರೆಗಳಿದ್ದರೆ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಕಾರಣವಲ್ಲ; ವಿಂಡೋಸ್ ತೆರೆದ ಮೇಲಷ್ಟೇ ಬಂದರೆ ಡ್ರೈವರ್ ಪೂರ್ತಿ ತೆಗೆದು ಮತ್ತೆ ಹಾಕಿ ನೋಡಬಹುದು.

ಆಟ ಆಡುವಾಗ ಮಾತ್ರ ಯಂತ್ರ ತಟ್ಟನೆ ಆಫ್ ಆದರೆ ಎಲ್ಲ ಭಾಗಗಳಿಗೂ ವಿದ್ಯುತ್ ಕೊಡುವ ಪವರ್ ಸಪ್ಲೈ ಪರೀಕ್ಷಿಸಲೇಬೇಕು. 12 ವೋಲ್ಟ್ ಲೈನ್ 11.4ರಿಂದ 12.6ರೊಳಗೆ ಇರಬೇಕು. ಆದರೆ ಸುಮ್ಮನಿರುವಾಗ ಅಳೆದರೆ ಕೆಟ್ಟ ಸಪ್ಲೈ ಕೂಡ ಸರಿಯಾಗಿಯೇ ತೋರಬಹುದು, ಕಾರ್ಡಿಗೆ ಪೂರ್ಣ ಹೊರೆ ಬಿದ್ದಾಗ ಅಳೆಯಿರಿ. ಕ್ಷಣಮಾತ್ರದ ಕುಸಿತ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್‌ಗೆ ಸಿಗದಿರಬಹುದು. ಆಗ ಸಾಕಷ್ಟು ಸಾಮರ್ಥ್ಯದ ಬೇರೆ ಸಪ್ಲೈ ಜೋಡಿಸಿ ನೋಡುವುದೇ ನಂಬಲರ್ಹ ದಾರಿ. ಕಾರ್ಡ್ ಕೂರುವ ಮದರ್‌ಬೋರ್ಡ್ ಸ್ಲಾಟ್ 75 ವಾಟ್, ಸಪ್ಲೈಯಿಂದ ಬರುವ ಕೇಬಲ್‌ನ 8 ಪಿನ್ ಕನೆಕ್ಟರ್ 150 ವಾಟ್‌ವರೆಗೆ ಕೊಡುವಂಥವು. ಎರಡು ಕನೆಕ್ಟರ್ ಬೇಡುವ ಕಾರ್ಡಿಗೆ ಕವಲೊಡೆದ ಒಂದೇ ಕೇಬಲ್ ಬದಲು ಎರಡು ಪ್ರತ್ಯೇಕ ಕೇಬಲ್ ಕೊಡಿ. ಪಿನ್ ಕಪ್ಪಾಗಿದ್ದರೆ, ಪ್ಲಾಸ್ಟಿಕ್ ಕರಗಿದ್ದರೆ ಅದನ್ನು ಮತ್ತೆ ಬಳಸಬೇಡಿ.

ಸಪ್ಲೈ ಪೆಟ್ಟಿಗೆಯನ್ನು ಮಾತ್ರ ಯಾರೂ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಪ್ರಾಣಕ್ಕೆ ಎರವಾಗುವಷ್ಟು ವಿದ್ಯುತ್ ಉಳಿದಿರಬಹುದು.

— ಒಬ್ಬ ಕಂಪ್ಯೂಟರ್ ತಂತ್ರಜ್ಞ