ಆಮ್ಲಜನಕ ಬೇಡದ ಜೀವಿಗಳು ಮತ್ತು ನಿನ್ನ ಅಂಜಿಕೆ

ಚಿ|| ಸುಮಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮನೆಯ ಸಮಾಚಾರವನ್ನೆಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿರುತ್ತಾಳಾದ್ದರಿಂದ ಅದನ್ನು ಬಿಡುತ್ತೇನೆ. ನಾಳೆ ಯಾರೋ ಒಂದು ಜೀವಿಯ ಹೊಸ ಜೀನೋಮ್, ಎಂದರೆ ಪೂರ್ತಿ ಜೀನ್ ನಕ್ಷೆ, ಪ್ರಕಟಿಸಿದರೆ ಆಮ್ಲಜನಕವಿಲ್ಲದೆ ಬದುಕುವ ಸಿಲಿಯೇಟುಗಳೆಂಬ ಏಕಕೋಶ ಜೀವಿಗಳ ಮೇಲಿನ ನಿನ್ನ ಇಷ್ಟು ವರ್ಷಗಳ ದುಡಿಮೆ ನೀರಿನಲ್ಲಿ ಹೋಮ ಮಾಡಿದಂತಾಗುತ್ತದೆ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೆಯಲ್ಲ, ಆ ಸಾಲನ್ನು ಓದಿದಾಗಿನಿಂದ ನನಗೆ ಸಮಾಧಾನವಿಲ್ಲ.

ನಿನ್ನ ಅಂಜಿಕೆಗೆ ಆಧಾರವಿಲ್ಲವೆಂದು ಹೇಳಲಾರೆ. 1983ರಲ್ಲಿ ಜೀವವಿಜ್ಞಾನಿ ಕ್ಯಾವಲಿಯರ್-ಸ್ಮಿತ್ ಅವರು, ಕರುಳಿನ ಪರೋಪಜೀವಿ ಜಿಯಾರ್ಡಿಯಾದಂಥ ಜೀವಿಗಳು, ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ ಹುಟ್ಟುವ ಮೊದಲೇ ಕವಲೊಡೆದ ಆದಿಕೋಶಗಳೆಂದು ವಾದಿಸಿ ಅವಕ್ಕೆ ಆರ್ಕಿಜೋವಾ ಎಂದು ಹೆಸರಿಟ್ಟರು. 2003ರಲ್ಲಿ ಅದೇ ಜಿಯಾರ್ಡಿಯಾದೊಳಗೆ ಮೈಟೊಕಾಂಡ್ರಿಯಾದ ಕುಗ್ಗಿದ ಅವಶೇಷ ಸಿಕ್ಕಿತು, ವಾದ ಬಿದ್ದುಹೋಯಿತು. ಮತ್ತೆ 2016ರಲ್ಲಿ ಮೊನೊಸರ್ಕೊಮೊನಾಯ್ಡಿಸ್ ಎಂಬ ಜೀವಿಯಲ್ಲಿ ಆ ಅವಶೇಷವೂ ಇಲ್ಲವೆಂದು ತಿಳಿಯಿತು, ಆದರೆ ಅದು ಮೊದಲು ಇದ್ದದ್ದನ್ನು ಆಮೇಲೆ ಕಳೆದುಕೊಂಡ ಜೀವಿ. ಇಷ್ಟೆಲ್ಲ ಏರುಪೇರು ಕಂಡ ಕ್ಷೇತ್ರದಲ್ಲಿ ನಿದ್ದೆಗೆಡುವುದು ಸಹಜವೇ.

ನನ್ನ ಕಾಲದಲ್ಲಿ ನಾವು ಪಶುವೈದ್ಯಕೀಯದ ಹುಡುಗರು ಕಸಾಯಿಖಾನೆಯಿಂದ ಥರ್ಮಾಸ್ ಫ್ಲಾಸ್ಕಿನಲ್ಲಿ ರೂಮೆನ್ ರಸ, ಎಂದರೆ ದನದ ಮೊದಲ ಹೊಟ್ಟೆಯ ರಸ, ತರುತ್ತಿದ್ದೆವು. ಬಿಸಿಯಾಗಿರುವಾಗಲೇ ಒಂದು ಹನಿಯನ್ನು ಗಾಜಿನ ಮೇಲಿಟ್ಟರೆ ಸಿಲಿಯೇಟುಗಳು ಒಂದನ್ನೊಂದು ತಳ್ಳಿಕೊಂಡು ಓಡಾಡುತ್ತಿದ್ದವು. ಹನಿ ಆರುತ್ತ, ಗಾಳಿ ಸೋಕುತ್ತ ಹೋದಂತೆ ನಿಧಾನವಾಗಿ, ಕೊನೆಗೆ ನಿಂತೇಬಿಡುತ್ತಿದ್ದವು. ನಾನು ಎಣಿಕೆ ಬರೆದು ಗಾಜು ತೊಳೆದಿಡುತ್ತಿದ್ದೆ. ಗಾಳಿಯಿಲ್ಲದ ಹೊಟ್ಟೆಯಲ್ಲಿ ಅವು ಯಾವ ಬಲದಿಂದ ಅಷ್ಟು ಓಡುತ್ತವೆಂದು ಬೆನ್ನುಹತ್ತುವ ಆಸೆಯಿತ್ತು, ಅಷ್ಟರಲ್ಲಿ ತಾಲ್ಲೂಕು ಪಶು ಆಸ್ಪತ್ರೆಯ ನೇಮಕದ ಆದೇಶ ಬಂತು. ಆ ಕೊರಗು ಇನ್ನೂ ಇದೆ.

ಆ ಪ್ರಶ್ನೆಗೆ ಉತ್ತರ ಆಗಲೇ ಬೇರೆ ಕಡೆ ಹುಟ್ಟಿತ್ತು. ಹಸುವಿಗೆ ಗರ್ಭಪಾತ ಮಾಡಿಸುವ ಟ್ರೈಟ್ರೈಕೊಮೊನಾಸ್ ಎಂಬ ಪರೋಪಜೀವಿಯನ್ನು ಒಡೆದು ನೋಡಿದ ಲಿಂಡ್‌ಮಾರ್ಕ್ ಮತ್ತು ಮ್ಯೂಲರ್, 1973ರಲ್ಲಿ ಹೈಡ್ರೋಜನ್ ಬಿಡುವ ಕಣಾಂಗವೊಂದನ್ನು (ಕೋಶದೊಳಗಿನ ಪುಟ್ಟ ಅಂಗವನ್ನು) ಅದರಲ್ಲಿ ಗುರುತಿಸಿ ಹೈಡ್ರೋಜೆನೋಸೋಮ್ ಎಂದು ಕರೆದಿದ್ದರು. ಕೋಶರಸದಲ್ಲಿ ಗ್ಲುಕೋಸ್ ಒಡೆದು ಎರಡು ಎಟಿಪಿ (ಕೋಶದ ಶಕ್ತಿಯ ನಾಣ್ಯ) ಸಿಕ್ಕ ಮೇಲೆ ಉಳಿದ ಪೈರುವೇಟ್ ಈ ಹೈಡ್ರೋಜೆನೋಸೋಮಿನೊಳಗೆ ಹೋಗಿ, ಅಸಿಟೇಟ್ ಆಗಿ ಹೊರಬರುವಷ್ಟರಲ್ಲಿ ಇನ್ನೆರಡು ಎಟಿಪಿ ಕೊಡುತ್ತದೆ. ಮಿಕ್ಕ ಎಲೆಕ್ಟ್ರಾನುಗಳು ಫೆರೆಡಾಕ್ಸಿನ್ ಎಂಬ ಎಲೆಕ್ಟ್ರಾನ್ ಸಾಗಿಸುವ ಪ್ರೋಟೀನಿನ ಮೂಲಕ ಪ್ರೋಟಾನುಗಳನ್ನು ಸೇರಿ ಹೈಡ್ರೋಜನ್ ಆಗುತ್ತವೆ. ಆಮ್ಲಜನಕವಿದ್ದರೆ ಬರುವ ಸುಮಾರು ಮೂವತ್ತರ ಮುಂದೆ ನಾಲ್ಕು ಏನೂ ಅಲ್ಲ, ಆದರೂ ಸಂಸಾರ ನಡೆಯುತ್ತದೆ. ರೂಮೆನ್ನಿನಲ್ಲಿ ಆ ಹೈಡ್ರೋಜನ್ನನ್ನು ಮೆಥನೊಜೆನ್‌ಗಳೆಂಬ ಮೀಥೇನ್ ತಯಾರಿಸುವ ಸೂಕ್ಷ್ಮಜೀವಿಗಳು ತಿನ್ನುತ್ತವೆ, ಹಸು ಮೀಥೇನ್ ತೇಗುತ್ತದೆ.

ನಿನ್ನ ಅಂಜಿಕೆಗೇ ಮರಳುತ್ತೇನೆ. 1973ರಲ್ಲಿ ಆ ಕಣಾಂಗದ ಮೂಲವೇನೆಂದು ಯಾರಿಗೂ ತಿಳಿದಿರಲಿಲ್ಲ. ಅದು ಮೈಟೊಕಾಂಡ್ರಿಯಾದ ಸೋದರನೆಂಬುದಕ್ಕೆ ಬಲವಾದ ಜೀನ್ ಸಾಕ್ಷಿ ಸಿಕ್ಕದ್ದು 1996ರಲ್ಲಿ. ವಿವರಣೆ ಬದಲಾಯಿತು, ಅಳೆದ ಹೈಡ್ರೋಜನ್ ಮಾತ್ರ ಹಾಗೆಯೇ ಉಳಿಯಿತು. 1998ರಲ್ಲಿ ಮಾರ್ಟಿನ್ ಮತ್ತು ಮ್ಯೂಲರ್, ಬ್ಯಾಕ್ಟೀರಿಯಾ ಬಿಟ್ಟ ಹೈಡ್ರೋಜನ್ನಿಗಾಗಿ ಒಂದು ಆರ್ಕಿಯಾ (ಬ್ಯಾಕ್ಟೀರಿಯಾದಂತೆ ಕಂಡರೂ ಬೇರೆಯೇ ವಂಶದ ಸೂಕ್ಷ್ಮಜೀವಿ) ಅದಕ್ಕೆ ಅಂಟಿಕೊಂಡದ್ದೇ ನಮ್ಮಂಥ ಸಂಕೀರ್ಣ ಕೋಶಗಳ ಆರಂಭವೆಂದರು. ಜಪಾನಿನ ಇಮಾಚಿ ತಂಡ ಹನ್ನೆರಡು ವರ್ಷ ಕಾದು ಸಮುದ್ರದ ಕೆಸರಿನಿಂದ ಬೆಳೆಸಿ 2020ರಲ್ಲಿ ತೋರಿಸಿದ, ಆಸ್ಗಾರ್ಡ್ ಎಂಬ ಗುಂಪಿನ ಆರ್ಕಿಯಾ, ನಮ್ಮ ಮೂಲ ಕೋಶದ ಹತ್ತಿರದ ಬಂಧುವಾಗಿದ್ದೂ ಹೈಡ್ರೋಜನ್ ತಿನ್ನುವ ಬದಲು ತಾನೇ ಜೊತೆಗಾರನಿಗೆ ಕೊಡುತ್ತಿತ್ತು. ಅದು ದ್ವಿಗುಣವಾಗಲು 14ರಿಂದ 25 ದಿನ ಬೇಕು. ಆ ಹನ್ನೆರಡು ವರ್ಷ ಅವರಿಗೂ ನಿನ್ನಂತೆಯೇ ಅಳುಕಿತ್ತೆಂದು ನಾನು ಊಹಿಸುತ್ತೇನೆ.

ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ, ನಿಮ್ಮ ಯಂತ್ರಗಳನ್ನು ನಾನು ಕಂಡವನೂ ಅಲ್ಲ. ಆದರೂ, ಪ್ರಬಂಧದಲ್ಲಿ ಅಳೆದದ್ದನ್ನೂ ಊಹಿಸಿದ್ದನ್ನೂ ಬೇರೆ ಬೇರೆ ಅಧ್ಯಾಯಗಳಲ್ಲಿ ಇಟ್ಟರೆ, ಒಂದು ಬಿದ್ದರೂ ಇನ್ನೊಂದು ನಿಂತೀತು. ನಿನ್ನ ಕಲ್ಚರಿನ ಒಂದು ಪಾಲು ಬೇರೊಬ್ಬರ ಫ್ರೀಜರಿನಲ್ಲೂ ಇರಲಿ. ಗಾಳಿ ನುಸುಳಿದರೆ ಆ ಜೀವಿಗಳು ಉಳಿಯುವುದಿಲ್ಲವೆಂದು ನಿನಗೆ ನಾನು ಹೇಳಬೇಕಾಗಿಲ್ಲ, ಕ್ಷಮಿಸು. ರಾತ್ರಿ ಊಟ ಬಿಡಬೇಡ.

ನಿನ್ನ ಸಿಲಿಯೇಟುಗಳು ಗಂಟೆಗೆ ಎಷ್ಟು ಹೈಡ್ರೋಜನ್ ಬಿಡುತ್ತವೆ, ಮೆಥನೊಜೆನ್‌ಗಳನ್ನು ತೆಗೆದಾಗ ಅದು ಏರುತ್ತದೋ ಇಳಿಯುತ್ತದೋ, ಮುಂದಿನ ಪತ್ರದಲ್ಲಿ ಬರೆ.

ಇಂತಿ,
ನಿನ್ನ ದೊಡ್ಡಪ್ಪ