ಬಲಿಪೀಠಕ್ಕೆ ಹೋಗಬೇಕಿದ್ದ ಹೂಗಳು ನನ್ನ ಹಾಸಿಗೆ ಪಕ್ಕಕ್ಕೆ ಬಂದವು

ಎಲ್ಲರಿಗೂ ನಮಸ್ಕಾರ.

ಏಪ್ರಿಲ್ 5ರ ಪಾಸ್ಖ, ಅಂದರೆ ಈಸ್ಟರ್ ಹಬ್ಬದ ಬಲಿಪೂಜೆಗೆ ನಾನು ಚರ್ಚಿಗೆ ನಡೆದೇ ಬಂದೆ. ಕೈಯಲ್ಲಿ ಕೋಲಿತ್ತು, ಪಕ್ಕದಲ್ಲಿ ಸೊಸೆ ಇದ್ದಳು, ಆದರೂ ನಡೆದೇ ಬಂದೆ. ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಎಷ್ಟೊಂದು ಜನ ಕೈ ಹಿಡಿದು ಮಾತಾಡಿಸಿದಿರಿ. ನನಗೆ ಗಂಟಲು ಕಟ್ಟಿತ್ತು, ಒಬ್ಬರಿಗೂ ಸರಿಯಾಗಿ ಉತ್ತರ ಕೊಡಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಏನಾಗಿತ್ತು, ಏನು ಆಪರೇಷನ್ ಅನ್ನೋದೆಲ್ಲ ನಿಮಗೆ ಗೊತ್ತೇ ಇದೆ, ಅದು ಬೇಡ.

ಶಿವಮೊಗ್ಗದ ಡಾಕ್ಟರಿಗೆ, ವಾರ್ಡಿನ ನರ್ಸ್ ಹುಡುಗಿಯರಿಗೆ, ಬಂದು ಎಣ್ಣೆ ಹಚ್ಚಿ ಪ್ರಾರ್ಥಿಸಿದ ಫಾದರ್‌ಗೆ, ಆಮೇಲೆ ಮನೆಗೇ ಪರಮಪ್ರಸಾದ ತಂದುಕೊಟ್ಟ ಸಿಸ್ಟರ್‌ಗೆ, ಕೇಳುವ ಮೊದಲೇ ರಕ್ತ ಕೊಡಲು ಬಂದು ನಿಂತ ನಮ್ಮ ಯುವಕರಿಗೆ, ನನ್ನ ಹಳೇ ವಿದ್ಯಾರ್ಥಿಗಳಿಗೆ, ಕೆಲಸ ಬಿಟ್ಟು ಬಂದ ಮಗ ಸೊಸೆಗೆ, ದುಬೈನಿಂದ ದಿನಾ ಫೋನಿನಲ್ಲಿ ಮುಖ ತೋರಿಸಿದ ಮಗಳಿಗೆ, ಗಂಜಿ ಕಳಿಸಿದ ಅಕ್ಕಪಕ್ಕದ ಎಲ್ಲ ಮನೆಯವರಿಗೆ, ಮನಸ್ಸು ತುಂಬಿ ವಂದನೆ. ಯಾರನ್ನಾದರೂ ಬಿಟ್ಟಿದ್ದರೆ ನೀವು ನನ್ನ ಪ್ರಾರ್ಥನೆಯಲ್ಲಿ ಇದ್ದೇ ಇದ್ದೀರಿ.

ಒಬ್ಬರ ಬಗ್ಗೆ ಮಾತ್ರ ಇಷ್ಟಕ್ಕೆ ನಿಲ್ಲಿಸಲು ಆಗುವುದಿಲ್ಲ.

ನಮ್ಮ ಚರ್ಚಿಗೆ ಬರುವವರೆಲ್ಲ ಅವರನ್ನು ಹೂವಿನಕ್ಕ ಅಂತಲೇ ಕರೆಯುವುದು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಆದರೂ ನನಗೂ ಅವರು ಹೂವಿನಕ್ಕನೇ. ಹೆಸರು ಹಾಕಬೇಡಿ ಟೀಚರ್ ಅಂದಿದ್ದಾರೆ, ಹಾಕುವುದಿಲ್ಲ. ವರ್ಷವಿಡೀ ಶನಿವಾರ ಸಂಜೆ ಬಂದು ಬಲಿಪೀಠಕ್ಕೆ ಹೂ ಜೋಡಿಸಿ ಹೋಗುವವರು ಅವರೇ. ಎಷ್ಟೋ ಜನರಿಗೆ ಆ ಹೂ ಎಲ್ಲಿಂದ ಬಂತು ಅಂತಲೂ ಗೊತ್ತಿಲ್ಲ. ನನಗೂ ಅವರಿಗೂ ಮೊದಲು ಅಂಥ ಬಳಕೆ ಇರಲಿಲ್ಲ. ಎದುರು ಸಿಕ್ಕರೆ ಒಂದು ನಗು, ಹಬ್ಬಕ್ಕೆ ಒಂದು ಮಾತು, ಅಷ್ಟೇ.

ಆ ರಾತ್ರಿಯ ಬಗ್ಗೆ ಹೇಳುತ್ತೇನೆ. ಫೆಬ್ರವರಿ 18, ವಿಭೂತಿ ಬುಧವಾರ. ನಮ್ಮಲ್ಲಿ ಅವತ್ತು ತಪಸ್ಸುಕಾಲ, ಅಂದರೆ ಪಾಸ್ಖಕ್ಕೆ ಮುಂಚಿನ ಉಪವಾಸ ಪ್ರಾರ್ಥನೆಯ ಕಾಲ, ಶುರುವಾಗುತ್ತದೆ. ಹಿಂದಿನ ವರ್ಷ ಗರಿಗಳ ಭಾನುವಾರ ಹಿಡಿದ ತೆಂಗಿನ ಗರಿಗಳನ್ನೇ ಸುಟ್ಟು ಬೂದಿ ಮಾಡಿ ಹಣೆಗೆ ಹಚ್ಚುತ್ತಾರೆ, ನೀನು ಮಣ್ಣು, ಮರಳಿ ಮಣ್ಣಿಗೇ ಸೇರುವೆ ಅನ್ನುವುದನ್ನು ನೆನಪಿಸುತ್ತಾರೆ. ನಾನು ಆಸ್ಪತ್ರೆಯಲ್ಲಿ ಬಿದ್ದಿದ್ದೆ. ಮಗ ಬೆಂಗಳೂರಿನಿಂದ ಬೆಳಗ್ಗೆಯೇ ತಲುಪುವುದು ಅಂತಾಯಿತು. ರಾತ್ರಿ ಜೊತೆಗೆ ಯಾರೂ ಇಲ್ಲ. ಈ ಸುದ್ದಿ ಊರಿನ ಚರ್ಚಿನಲ್ಲಿ ಸಂಜೆ ಪೂಜೆ ಮುಗಿಯುವ ಹೊತ್ತಿಗೆ ಹೂವಿನಕ್ಕನ ಕಿವಿಗೆ ಬಿದ್ದಿದೆ. ಅವರು ಮನೆಗೆ ಹೋಗಿ ಒಂದು ಶಾಲು, ಒಂದು ಫ್ಲಾಸ್ಕ್ ಎತ್ತಿಕೊಂಡು ತೀರ್ಥಹಳ್ಳಿಯಲ್ಲಿ ಬಸ್ಸು ಹತ್ತಿದ್ದಾರೆ. ಶಿವಮೊಗ್ಗಕ್ಕೆ 60 ಕಿಲೋಮೀಟರ್ ದಾರಿ. ವಾರ್ಡಿನ ಬಾಗಿಲಲ್ಲಿ ಅವರು ಬಂದು ನಿಂತಾಗ ಹಣೆಯ ಮೇಲೆ ಬೂದಿಯ ಶಿಲುಬೆ ಇನ್ನೂ ಹಾಗೇ ಇತ್ತು.

ಅವರು ಧೈರ್ಯ ಹೇಳಲಿಲ್ಲ. ಎಲ್ಲ ಸರಿಯಾಗುತ್ತೆ ಅನ್ನಲಿಲ್ಲ. ಸ್ಟೂಲು ಎಳೆದುಕೊಂಡು ಕೂತರು. ರಾತ್ರಿ ಹೋಗುತ್ತಾ ಹೋಗುತ್ತಾ ನೋವು ಎಷ್ಟಾಯಿತೆಂದರೆ ನನಗೆ ಪ್ರಾರ್ಥನೆಯ ಮಾತೇ ಬಾಯಿಗೆ ಬರುತ್ತಿರಲಿಲ್ಲ. ಎರಡು ತಲೆಮಾರಿನ ಮಕ್ಕಳಿಗೆ ಜಪ ಕಲಿಸಿದವಳು ನಾನು, ನನಗೇ ನಮೋ ಮರಿಯಾ, ಮಾತೆ ಮರಿಯಳ ಆ ಪುಟ್ಟ ಪ್ರಾರ್ಥನೆ, ಪೂರ್ತಿ ಬರಲಿಲ್ಲ. ಆಗ ಹೂವಿನಕ್ಕ ನನ್ನ ಕೈ ತೆಗೆದುಕೊಂಡರು. ಕಿರುಬೆರಳು ಒತ್ತಿ ಒಂದು ನಮೋ ಮರಿಯಾ, ಪಕ್ಕದ ಬೆರಳು ಒತ್ತಿ ಇನ್ನೊಂದು. ಎರಡು ಕೈಯ ಹತ್ತು ಬೆರಳು ಮುಗಿದರೆ ಜಪಸರದ ಒಂದು ಹತ್ತು ಮುಗಿಯಿತು. ಮತ್ತೆ ಮೊದಲಿನಿಂದ. ನೀವು ಹೇಳಬೇಡಿ ಟೀಚರ್, ಬೆರಳು ಮಾತ್ರ ಕೊಡಿ ಅಂದರು. ಎಷ್ಟು ಹೊತ್ತು ಹಾಗೆ ಮಾಡಿದರೋ ನನಗೆ ಲೆಕ್ಕವಿಲ್ಲ.

ಒಂದು ಹೊತ್ತಿನಲ್ಲಿ ನಾನು ಬಾಯಿಬಿಟ್ಟು ಹೇಳಿಬಿಟ್ಟೆ. ಸಾಕು ಸ್ವಾಮಿ, ಕರೆದುಕೋ, ನಮ್ಮ ಯಜಮಾನರು ಹೋದ ಕಡೆಗೇ ನನ್ನನ್ನೂ ಕರೆದುಕೋ ಅಂತ. ಅತ್ತೆ. ಅಷ್ಟು ದೊಡ್ಡ ವಾರ್ಡಿನಲ್ಲಿ ಚಿಕ್ಕ ಮಗು ಅಳುವ ಹಾಗೆ ಅತ್ತೆ. ಹೂವಿನಕ್ಕ ಗದರಲಿಲ್ಲ, ಹಾಗೆಲ್ಲ ಅನ್ನಬಾರದು ಅಂತಲೂ ಹೇಳಲಿಲ್ಲ. ಸೆರಗಿನ ತುದಿಯ ಗಂಟು ಬಿಚ್ಚಿ ಏನನ್ನೋ ನನ್ನ ಮೂಗಿನ ಹತ್ತಿರ ಹಿಡಿದರು. ಹೋದ ವರ್ಷದ ಒಣಗಿದ ಸುರಗಿ ಹೂ. ಪೂರ್ತಿ ಕಂದು ಬಣ್ಣಕ್ಕೆ ತಿರುಗಿತ್ತು, ಪರಿಮಳ ಮಾತ್ರ ಇತ್ತು. ಫಿನಾಯಿಲ್, ಔಷಧಿ ವಾಸನೆಯ ನಡುವೆ ನನ್ನ ಅಮ್ಮನ ಸೀರೆ ಪೆಟ್ಟಿಗೆಯ ವಾಸನೆ. ಆಮೇಲೆ ಅವರು ಹೇಳಿದ ಮಾತು ಇದು: "ಈ ವರ್ಷದ ಸುರಗಿ ಇನ್ನೂ ಮೊಗ್ಗಲ್ಲೇ ಇದೆ ಟೀಚರ್. ಹೋಗೋದಾದ್ರೆ ಅದನ್ನ ನೋಡ್ಕೊಂಡು ಹೋಗಿ."

ಬೆಳಗ್ಗೆ ಮಗ ಬಂದ. ಹೂವಿನಕ್ಕ ಅವನಿಗೆ ಜಾಗ ಬಿಟ್ಟುಕೊಟ್ಟು ಬಸ್ಸಿಗೆ ಹೋದರು.

ಮಾರ್ಚ್ ಮೊದಲ ವಾರ ನನ್ನನ್ನು ಕಾರಿನಲ್ಲಿ ಮಲಗಿಸಿಕೊಂಡು ಊರಿಗೆ ಕರೆದುಕೊಂಡು ಬಂದರು. ಗಾಜನೂರು ದಾಟುವವರೆಗೂ ಅಲ್ಲಲ್ಲಿ ಮುತ್ತುಗ, ಒಂದು ಎಲೆ ಇಲ್ಲದೆ ಬರೀ ಕೆಂಪು. ಮಂಡಗದ್ದೆ ಹತ್ತಿರ ತುಂಗೆಯ ಕಡೆ ಒಂದು ಬೂರುಗದ ಮರ ಮೈತುಂಬ ಹೂ ಬಿಟ್ಟಿತ್ತು, ಕೆಳಗೆ ರಸ್ತೆ ಮೇಲೂ ಹೂ. ಮಗ ಕಾರು ನಿಲ್ಲಿಸಿ ಒಂದು ಹೂ ಎತ್ತಿ ತಂದುಕೊಟ್ಟ. ಜನವರಿಯಿಂದ ಛಾವಣಿಯ ಫ್ಯಾನು ಮಾತ್ರ ನೋಡಿದ್ದವಳಿಗೆ ಅದು ಎಷ್ಟು ಭಾರದ, ಎಷ್ಟು ದಪ್ಪ ಎಸಳಿನ ಹೂ ಅನ್ನಿಸಿತು ಗೊತ್ತಾ.

ಮರುದಿನ ಬೆಳಗ್ಗೆಯೇ ಹೂವಿನಕ್ಕ ಬಂದರು. ಒಂದು ಬಾಳೆ ಎಲೆ ಚೂರಿನಲ್ಲಿ ಸುರಗಿ. ಬೇರೆ ಧರ್ಮದ ಸ್ನೇಹಿತರಿಗಾಗಿ ಇಲ್ಲಿ ಒಂದು ವಿಷಯ ಹೇಳಬೇಕು. ತಪಸ್ಸುಕಾಲದಲ್ಲಿ ನಮ್ಮ ಬಲಿಪೀಠಕ್ಕೆ ಹೂ ಇಡುವುದಿಲ್ಲ. ನಾಲ್ಕನೇ ಭಾನುವಾರ, ಮತ್ತೆ ನಡುವೆ ಬರುವ ದೊಡ್ಡ ಹಬ್ಬಗಳು ಬಿಟ್ಟರೆ ಪಾಸ್ಖದವರೆಗೂ ಬಲಿಪೀಠ ಹೂವಿಲ್ಲದೆ ಇರುತ್ತದೆ. ನಮ್ಮ ಮಲೆನಾಡಿನಲ್ಲಿ ಅದೇ ಸಮಯಕ್ಕೆ ಕಾಡು, ತೋಟ, ಬೇಲಿ ಎಲ್ಲ ಹೂವು! ಹೂವಿನಕ್ಕನ ಕೈಗೆ ಆ ದಿನಗಳಲ್ಲಿ ಸುಮ್ನೆ ಇರಲು ಬರುವುದಿಲ್ಲ. "ದೇವರು ಈಗ ಹೂ ಬೇಡ ಅಂತಾರೆ, ನೀವು ಇಟ್ಕೊಳ್ಳಿ ಟೀಚರ್" ಅಂದರು. ಹಾಗೆ ಬಲಿಪೀಠದ ಪಾಲಿನ ಹೂವು ದಿನಾ ನನ್ನ ಹಾಸಿಗೆ ಪಕ್ಕದ ಸ್ಟೂಲಿಗೆ ಬಂತು. ನನಗೆ ಇದಕ್ಕಿಂತ ದೊಡ್ಡ ಗೌರವ ಬದುಕಿನಲ್ಲಿ ಸಿಕ್ಕಿಲ್ಲ.

ಸುರಗಿ ಕೊಯ್ಯುವುದು ಸುಲಭದ ಕೆಲಸವಲ್ಲ, ಮಲೆನಾಡಿನವರಿಗೆ ಗೊತ್ತು. ಅದು ನಮ್ಮ ಪಶ್ಚಿಮ ಘಟ್ಟದ್ದೇ ಮರ, ಬೇರೆಲ್ಲೂ ತಾನಾಗಿ ಬೆಳೆಯುವುದಿಲ್ಲ. ಹೂ ಎಲೆಗಳಿರುವ ಕೊಂಬೆ ತುದಿಯಲ್ಲಿ ಬಿಡುವುದಿಲ್ಲ, ಬಲಿತ ಕೊಂಬೆಗೇ ಅಂಟಿಕೊಂಡು ಗೊಂಚಲು ಗೊಂಚಲಾಗಿ ಬಿಡುತ್ತದೆ. ಬೆಳಕು ಹರಿಯುವಾಗ ಬಿರಿಯುತ್ತದೆ. ಸ್ವಲ್ಪ ತಡವಾದರೆ ಜೇನುಹುಳ ಮುತ್ತುತ್ತವೆ, ಬಿರಿದ ಮೇಲೆ ಎಸಳು ಉದುರುತ್ತದೆ. ಅದಕ್ಕೇ ಬಿರಿಯುವ ಮುಂಚಿನ ಗುಂಡು ಮೊಗ್ಗನ್ನೇ ತೆಗೆಯಬೇಕು, ನಸುಕಿನಲ್ಲೇ. ಮೊಣಕಾಲು ನೋವಿರುವ ಹೂವಿನಕ್ಕ ಮರ ಹತ್ತುವ ಹುಡುಗನನ್ನು ದಿನಾ ಎಬ್ಬಿಸಿಕೊಂಡು ಹೋಗಿ ಇದನ್ನು ಮಾಡಿಸಿದ್ದಾರೆ. ಆ ಹುಡುಗನಿಗೂ ದೇವರು ಒಳ್ಳೆಯದು ಮಾಡಲಿ.

ಆಮೇಲೆ ಬೇರೆ ಬೇರೆ ಹೂಗಳು ಬಂದವು. ರಂಜದ ಹೂವು, ಮರದಡಿ ಆರಿಸಿ ತಂದದ್ದು. ಮಾವಿನ ಹೂವಿನ ಒಂದು ಗೊಂಚಲು. ಆಗಷ್ಟೇ ಹಾಳೆ ಸೀಳಿ ಹೊರಬಂದ ಅಡಿಕೆಯ ಹಿಂಗಾರ, ಅದರ ವಾಸನೆ ಎಷ್ಟು ತಂಪು ಅಲ್ವಾ? ತೋಟದ ನಡುವೆ ಬದುಕಿದರೂ ನಾನು ಅದನ್ನು ಮೂಗಿಗೆ ಹಿಡಿದು ನೋಡಿ ಎಷ್ಟೋ ವರ್ಷವಾಗಿತ್ತು. ವಯಸ್ಸಾದ ಹಾಗೆ ಮೂಗೂ ಮಂದವಾಗುತ್ತದೆ. ಗುಲಾಬಿ ನನಗೆ ಈಗ ಅಷ್ಟಾಗಿ ತಿಳಿಯುವುದಿಲ್ಲ, ಸುರಗಿ, ರಂಜ, ಸಂಪಿಗೆ ತಿಳಿಯುತ್ತವೆ. ಹೂವಿನಕ್ಕ ಅದನ್ನು ತಾವೇ ಗಮನಿಸಿ ಅಂಥವನ್ನೇ ಆರಿಸುತ್ತಿದ್ದರು.

ಒಂದು ದಿನ ಬರಿಯ ಹೂ ಕೊಟ್ಟು ಹೋಗಲಿಲ್ಲ. ಕನಕಾಂಬರವನ್ನು ಮೊರದಲ್ಲಿ ಹಾಕಿ, ನೆನೆಸಿದ ಬಾಳೆ ನಾರು ನನ್ನ ಕೈಗೆ ಕೊಟ್ಟು, ನೀವೇ ಕಟ್ಟಿ ಅಂದರು. ನನ್ನ ಬೆರಳು ಆಗ ಚಮಚ ಹಿಡಿದರೂ ನಡುಗುತ್ತಿತ್ತು. ಮೊದಲ ದಿನ ಒಂದು ಗೇಣೂ ಆಗಲಿಲ್ಲ, ಅದೂ ಸಡಿಲ, ಎತ್ತಿದರೆ ಹೂ ಜಾರಿ ಬೀಳುತ್ತಿತ್ತು. ಮರುದಿನ ರಂಜ ತಂದರು. ರಂಜದ ಹೂವಿಗೆ ನಡುವೆ ತೂತು ಇರುತ್ತದೆ, ಸೂಜಿ ಬೇಡ, ನಾರು ತೂರಿಸಿದರೆ ಸಾಕು. ಅದರಿಂದ ಶುರುಮಾಡಿ ಮತ್ತೆ ಕನಕಾಂಬರಕ್ಕೆ ಬಂದೆ. ಫಿಸಿಯೋಥೆರಪಿ ಹುಡುಗ ನೋಡಿ, ಅಜ್ಜಿ ಇದನ್ನು ಬಿಡಬೇಡಿ ಅಂದ. ನನಗೆ ಅದು ವ್ಯಾಯಾಮ ಅನ್ನಿಸಲೇ ಇಲ್ಲ. ಜಗಲಿಯಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಕೂತು ಇಬ್ಬರೂ ಹೂ ಕಟ್ಟುತ್ತಾ ಊರಿನ ಸುದ್ದಿ ಮಾತಾಡುತ್ತಿದ್ದೆವು. ಸತ್ತುಹೋದ ಗಂಡಂದಿರ ಬಗ್ಗೆ ಮಾತಾಡಿದೆವು. ಅವರ ಯಜಮಾನರು ಹೋದಾಗ ನಾನು ಹೋಗಿ ಹತ್ತು ನಿಮಿಷ ಕೂತು ಬಂದಿದ್ದೆನಂತೆ, ಒಂದು ಮಾತೂ ಆಡದೆ ಕೈ ಹಿಡಿದಿದ್ದೆನಂತೆ. ನನಗೆ ನೆನಪೇ ಇಲ್ಲ. ಅವರಿಗೆ ನೆನಪಿದೆ.

ಮಾರ್ಚ್ 19 ನಮಗೆ ಸಂತ ಜೋಸೆಫರ ಹಬ್ಬ, ಈ ಸಲ ಯುಗಾದಿಯೂ ಅವತ್ತೇ ಬಂತು. ಎದುರು ಮನೆಯ ಭಟ್ಟರ ಮನೆಯಮ್ಮ ಬೇವಿನ ಹೂವು ಹಾಕಿದ ಬೇವು ಬೆಲ್ಲ ತಂದರು, ಜೊತೆಗೆ ಹೊಸ ಜೀರಿಗೆ ಮಿಡಿ ಉಪ್ಪಿನಕಾಯಿಯ ಪುಟ್ಟ ಬಾಟಲಿ. ಎರಡು ದಿನ ಬಿಟ್ಟು ರಂಜಾನಿಗೆ ಹಾಲಿನ ಅಂಗಡಿಯ ಸಾಬರ ಮನೆಯಿಂದ ಶಾವಿಗೆ ಪಾಯಸ. ಬಾಯಿಗೆ ರುಚಿ ಮರಳಿದ್ದು ಆ ವಾರದಲ್ಲೇ. ಗಂಜಿಗೆ ಆ ಮಿಡಿಯ ಒಂದು ಚೂರು ಕಚ್ಚಿಕೊಂಡು ತಿಂದಾಗ ಸೊಸೆಗೆ ಅಷ್ಟು ಖುಷಿಯಾಯಿತು, ಫೋಟೋ ತೆಗೆದು ನಾದಿನಿಗೆ ಕಳಿಸಿದಳು.

ಕೊಪ್ಪದ ಕಡೆ ಇರುವ ನನ್ನ ತಂಗಿಯ ತೋಟದಲ್ಲಿ ಹೂಮಳೆ ಆಗಿ ಕಾಫಿ ಬಿರಿದಿತ್ತು. ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಗಿಡಕ್ಕೆ ಗಿಡವೇ ಬೆಳ್ಳಗಾಗುತ್ತದೆ, ಎರಡು ಮೂರು ದಿನಕ್ಕೆ ಬಾಡಿಹೋಗುತ್ತದೆ. ಹೋಗಿ ನೋಡಲು ನನ್ನಿಂದ ಆಗುತ್ತಿರಲಿಲ್ಲ. ತಂಗಿ ಕಾಫಿ ಗಿಡದ ಒಂದು ರೆಕ್ಕೆ, ಅಂದರೆ ಕೊಂಬೆ, ಮುರಿದು ಒದ್ದೆ ಬಟ್ಟೆಯಲ್ಲಿ ಸುತ್ತಿ ಬಸ್ಸಿನಲ್ಲಿ ಕಳಿಸಿದಳು. ಒಂದು ರೆಕ್ಕೆ ಅಂದರೆ ಎಷ್ಟು ಕಾಫಿ ನಷ್ಟ ಅಂತ ತೋಟದವರಿಗೆ ಗೊತ್ತು. ಹೊಲದ ಹೂಗಳನ್ನು ನೋಡಿ ಎಂದು ಯೇಸುಸ್ವಾಮಿ ಹೇಳಿದ್ದನ್ನು ನಾನು ಮಕ್ಕಳಿಗೆ ಎಷ್ಟೋ ವರ್ಷ ಪಾಠ ಮಾಡಿದ್ದೇನೆ. ಕೂತು ನೋಡಿದ್ದು ಈ ವರ್ಷ.

ನನ್ನ ವಯಸ್ಸಿನವರು ಇದನ್ನು ಓದುತ್ತಿದ್ದರೆ ಒಂದು ಮಾತು. ನಮಗೆ ಈಗ ದೊಡ್ಡ ಯಾತ್ರೆ ಬೇಡ, ದೊಡ್ಡ ಉಡುಗೊರೆ ಬೇಡ. ಹಾಸಿಗೆ ಹಿಡಿದವರನ್ನು ನೋಡಲು ಹೋಗುವಾಗ ನಾವು ಬ್ರೆಡ್, ಸೇಬು ಹಿಡಿದು ಹೋಗುತ್ತೇವೆ. ಅದು ತಪ್ಪಲ್ಲ. ಆದರೆ ಬೇಲಿಯಲ್ಲಿರುವ ಒಂದು ಹೂವನ್ನೂ ಹಿಡಿದುಕೊಳ್ಳಿ, ಕೊಟ್ಟವರು ಎದ್ದು ಹೋದ ಮೇಲೂ ಅದು ಪಕ್ಕದಲ್ಲಿರುತ್ತದೆ. ಅವರಿಗೆ ಕಣ್ಣು ಮಂಜಾಗಿದ್ದರೆ ಪರಿಮಳದ್ದು ಕೊಡಿ. ಕೂರಲು ಆಗುವವರಿಗೆ ಕಟ್ಟಲು ಕೊಡಿ.

ಪಾಸ್ಖದ ಜಾಗರಣೆಗೆ ಬರಲು ಡಾಕ್ಟರು ಬಿಡಲಿಲ್ಲ, ರಾತ್ರಿ ಜಾಸ್ತಿ ಹೊತ್ತು ಕೂರಬಾರದು ಅಂದರು. ಭಾನುವಾರ ಬೆಳಗ್ಗೆ ಬಂದಾಗ ಬಲಿಪೀಠ ನೋಡಿ ನಿಂತುಬಿಟ್ಟೆ. ಇಷ್ಟು ದಿನ ಖಾಲಿ ಇದ್ದ ಜಾಗದಲ್ಲಿ ಸುಗಂಧರಾಜ, ಬಿಳಿ ಲಿಲ್ಲಿ, ಪಾಸ್ಖದ ದೊಡ್ಡ ಮೇಣದಬತ್ತಿಯ ಬುಡಕ್ಕೆ ಆಗಷ್ಟೇ ಬಿಡಲು ಶುರುವಾದ ಕಕ್ಕೆಯ ಹಳದಿ ಗೊಂಚಲು. ಅದರ ಸುತ್ತ ಒಂದು ಕನಕಾಂಬರದ ಮಾಲೆ, ಅಲ್ಲಲ್ಲಿ ಸಡಿಲ. ನಾನು ಕಟ್ಟಿದ್ದು! ಶುಕ್ರವಾರ ಮನೆಯಿಂದ ತೆಗೆದುಕೊಂಡು ಹೋಗುವಾಗ ಹೂವಿನಕ್ಕ ಏನೂ ಹೇಳಿರಲಿಲ್ಲ, ಒದ್ದೆ ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಿದ್ದರು, ಅಷ್ಟೇ. ಪೂಜೆಯುದ್ದಕ್ಕೂ ನಾನು ಅತ್ತಿದ್ದು ನೋವಿಗೆ ಅಂದುಕೊಂಡು ಹಿಂದಿನ ಬೆಂಚಿನವರು ನೀರು ಕೊಟ್ಟಿರಿ. ನೋವಿಗಲ್ಲ.

ಹೂವಿನಕ್ಕ, ನೀವು ಫೋನಿನಲ್ಲಿ ಇದನ್ನೆಲ್ಲ ಓದುವುದಿಲ್ಲ, ಮೊಮ್ಮಗಳು ಓದಿ ಹೇಳುತ್ತಾಳೆ ಅಂತ ಗೊತ್ತು. ಅವಳು ಓದುವಾಗ ಅರ್ಧಕ್ಕೆ ಎದ್ದು ಅಡುಗೆಮನೆಗೆ ಹೋಗಬೇಡಿ, ಪೂರ್ತಿ ಕೇಳಿ. ಆ ರಾತ್ರಿ ನೀವು ಬಂದಿರದಿದ್ದರೆ ನಾನು ಬೆಳಗಿನವರೆಗೆ ಇರುತ್ತಿರಲಿಲ್ಲ ಅಂತ ನನಗೆ ಅನ್ನಿಸುತ್ತದೆ. ಡಾಕ್ಟರು ಒಪ್ಪಲಿ ಬಿಡಲಿ. ನನ್ನ ಹತ್ತು ಬೆರಳೂ ನಿಮ್ಮ ಋಣದಲ್ಲಿವೆ.

ಇನ್ನು ಒಂದು ಕೆಲಸದ ಮಾತು. ಮೇ ತಿಂಗಳು ಮಾತೆ ಮರಿಯಳ ತಿಂಗಳು, ದಿನಾ ಸಂಜೆ ಜಪಸರ ಇರುತ್ತದೆ, ದಿನಾ ಹೂ ಬೇಕು. ಹೂವಿನಕ್ಕನ ಮೊಣಕಾಲು ಈಗ ಮೆಟ್ಟಿಲು ಹತ್ತುವಷ್ಟು ಸರಿಯಿಲ್ಲ. ಅದಕ್ಕೆ ಈ ಸಲ ಹೂ ಕಟ್ಟುವ ಕೆಲಸ ನಮ್ಮ ಮನೆ ಜಗಲಿಯಲ್ಲಿ, ಮಧ್ಯಾಹ್ನ ಮೂರರ ಮೇಲೆ. ಕಾಕಡ, ಮಲ್ಲಿಗೆ, ಕನಕಾಂಬರ, ಕೆಂಡಸಂಪಿಗೆ ಯಾರ ಮನೆಯಲ್ಲಿದ್ದರೂ ತನ್ನಿ. ಮಳೆ ಬಿದ್ದರೆ ಅಂಗಳದ ಗೆಡ್ಡೆಯಿಂದ ಕೆಂಪು ಮೇ ಲಿಲ್ಲಿ ಏಳುತ್ತದಲ್ಲ, ಅದೂ ಆಗುತ್ತದೆ. ಕಟ್ಟಲು ಬರದವರೂ ಬನ್ನಿ, ನಾರು ನೆನೆಸಿ ಇಟ್ಟಿರುತ್ತೇನೆ, ಕಾಫಿ ಸೊಸೆ ಮಾಡುತ್ತಾಳೆ. ಕೂರಲು ಕಷ್ಟ ಇರುವವರಿಗೆ ಕುರ್ಚಿ ಇದೆ.